ಜೆಆರ್‌ಎಫ್‌ಗೆ ಅಪ್ಪನ ಆದಾಯ ತೋರಿಸಬೇಕಾ?

ತುಮಕೂರಿನಲ್ಲಿ ಎಂಎಸ್ಸಿ ಓದುತ್ತಿದ್ದೀರಿ, ಮನೆಯಲ್ಲಿ ಅಡಿಕೆ ತೋಟ ಇದೆ, ಜೆಆರ್‌ಎಫ್‌ಗೆ, ಅಂದರೆ ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್‌ಗೆ, ಅಪ್ಪನ ಆದಾಯ ತೋರಿಸಬೇಕಾ ಅಂತ ಕೇಳಿದ್ದೀರಿ.

ಬೇಡ. ಯುಜಿಸಿ ಜೆಆರ್‌ಎಫ್ ಸಿಗುವುದು ನೆಟ್ ಪರೀಕ್ಷೆಯ ಅಂಕದ ಮೇಲೆ. ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ. ಬಡವರು, ಶ್ರೀಮಂತರು ಅನ್ನುವ ಲೆಕ್ಕ ಅದಕ್ಕಿಲ್ಲ.

ಆದರೆ ಒಬಿಸಿ ಮೀಸಲಾತಿಯಲ್ಲಿ ಬರೆಯುವುದಾದರೆ ಕೆನೆಪದರಕ್ಕೆ (ಹಿಂದುಳಿದ ವರ್ಗದಲ್ಲೇ ಅನುಕೂಲಸ್ಥರಿಗೆ) ಸೇರಿಲ್ಲ ಅನ್ನುವ ಪ್ರಮಾಣಪತ್ರ ಬೇಕು. ಕೇಂದ್ರದ ನಮೂನೆಯದು. ಊರಲ್ಲಿ ಕೊಡುವ 2ಎ, 3ಎ ಪತ್ರ ಸಾಲುವುದಿಲ್ಲ. ನಾನೂ ಮೊದಲು ಅದನ್ನೇ ಹಿಡ್ಕೊಂಡು ಕೂತಿದ್ದೆ! ಇಲ್ಲಿ ಅಪ್ಪ-ಅಮ್ಮನ ವರ್ಷದ ಆದಾಯಕ್ಕಿರುವ 8 ಲಕ್ಷದ ಮಿತಿ ನೋಡುವಾಗ ಸಂಬಳವನ್ನೂ ಕೃಷಿ ಜಮೀನಿನ ಆದಾಯವನ್ನೂ ಸೇರಿಸುವುದಿಲ್ಲ. ಹಾಗಾಗಿ ಅಡಿಕೆ ರೇಟು ಏರಿತು ಅಂತ ಸುಮ್ನೆ ಹೆದರಬೇಡಿ. ಇಡಬ್ಲ್ಯೂಎಸ್ (ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿ) ಆದರೆ ಬೇರೆ ಕಥೆ. ಅಲ್ಲೂ 8 ಲಕ್ಷವೇ, ಆದರೆ ಸಂಬಳ, ತೋಟ, ವ್ಯಾಪಾರ ಎಲ್ಲ ಸೇರುತ್ತದೆ.

ಈಗಿನ ಎಂಎಸ್ಸಿಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುತ್ತೀರಿ ಅಲ್ವಾ? ಅದಕ್ಕೆ ಮಾತ್ರ ನಾಡಕಚೇರಿಯ ಆದಾಯ ಪತ್ರದ ಮೇಲಿರುವ ಆರ್‌ಡಿ ನಂಬರ್ (RD ಅಂತ ಶುರುವಾಗುವ ಸಂಖ್ಯೆ) ಬೇಕೇ ಬೇಕು. ಪತ್ರದಲ್ಲಿರುವ ಹೆಸರು ಆಧಾರ್‌ಗೆ ಹೊಂದುತ್ತದಾ ಅಂತ ಇವತ್ತೇ ನೋಡಿಕೊಳ್ಳಿ, ಇನಿಶಿಯಲ್ ಸಮೇತ.