ಮೈಮುಚ್ಚುವ ಈಜುಡುಗೆಯೋ ಸಾಮಾನ್ಯ ಸ್ವಿಮ್‌ಸೂಟೋ, ಯಾವುದು ಸರಿ?

29 ವರ್ಷ, ದೇವರಲ್ಲಿ ನಂಬಿಕೆ ಇದೆ, ಈಜು ಕಲಿಯೋ ಆಸೆ ಇದೆ, ಮೈತುಂಬ ಹಾಕ್ಕೊಂಡರೆ ಗೆಳತಿಯರು ನಗ್ತಾರೆ, ಸ್ವಿಮ್‌ಸೂಟ್ ಹಾಕಿದರೆ ಮನೆಯವರು ಮಾತು ಬಿಡ್ತಾರೆ ಅಂತ ಬರೆದಿದ್ದೀರಿ. ನಿಮ್ಮ ವಯಸ್ಸಿನಲ್ಲಿ ಐದು ಕಳೆದರೆ ಅದು ನಾನೇ. 2008ರಲ್ಲಿ ನನಗೆ 24. ನೀವು ಇನ್ನೂ ಕೇಳೋ ಹಂತದಲ್ಲಿದ್ದೀರಿ, ನಾನು ಯಾರನ್ನೂ ಕೇಳಲಿಲ್ಲ. ಎರಡೂ ಕಡೆಯವರ ಬಾಯಿ ಮುಚ್ಚಿಸೋ ಉಪಾಯ ನನ್ನ ಹತ್ತಿರವೇ ಇದೆ ಅಂದುಕೊಂಡೆ. ಆ ಉಪಾಯದಿಂದ 11 ವರ್ಷ ನೀರಿಗೆ ಕಾಲಿಡಲಿಲ್ಲ.

ಉಪಾಯ ಇಷ್ಟೇ. ಬೀರುವಿನಲ್ಲಿದ್ದ ಉದ್ದ ತೋಳಿನ ಸಡಿಲ ಹತ್ತಿ ಟಾಪು, ಅದರ ಕೆಳಗೆ ಹತ್ತಿಯದೇ ಲೆಗಿನ್ಸು, ತಲೆಗೊಂದು ಸ್ಕಾರ್ಫು, ಸ್ಕಾರ್ಫಿಗೆ ಎರಡು ಪಿನ್ನು. ಮೈಮುಚ್ಚುವ ಈಜುಡುಗೆ ಅಂತಲೇ ಹೊಲಿದ ಬಟ್ಟೆ ಆಗಲೇ ಸಿಗುತ್ತಿತ್ತು, ಇಲ್ಲ ಅಂತಲ್ಲ. ನಾನು ಕೊಳ್ಳಲಿಲ್ಲ. ಕೊಂಡರೆ ಮನೆಯಲ್ಲಿ ‘ಇವಳು ದಿನಾ ಹೋಗೋ ಅಂದಾಜಿದೆ’ ಅಂತ ಗೊತ್ತಾಗುತ್ತದೆ. ಗೆಳತಿಯರ ಮುಂದೆ ‘ನಾನು ಮೈಮುಚ್ಚುವವರ ಪೈಕಿ’ ಅಂತ ಬೋರ್ಡು ಹಾಕಿಕೊಂಡ ಹಾಗಾಗುತ್ತದೆ. ದಿನಾ ಹಾಕೋ ಬಟ್ಟೆಯಲ್ಲೇ ಇಳಿದುಬಿಟ್ಟರೆ ಎರಡೂ ಕಡೆ ಏನೂ ಹೇಳಬೇಕಾಗಿಲ್ಲ, ನೋಡಿ!

ಪೂಲಿನ ಆಳ ನಾಲ್ಕಡಿ. ನನ್ನ ಎತ್ತರ ಐದಡಿಗಿಂತ ಮೇಲೆ. ಮೆಟ್ಟಿಲಲ್ಲಿ ನಿಧಾನಕ್ಕೆ ಇಳಿಯೋದು ಬಿಟ್ಟು, ಗೆಳತಿಯರು ನೋಡ್ತಿದ್ದಾರೆ ಅಂತ ಅಂಚಿನಿಂದ ಕಾಲು ಮೊದಲಾಗಿ ಹಾರಿದೆ. ಟಾಪಿನೊಳಗೆ ಗಾಳಿ ತುಂಬಿ ಬಲೂನಿನ ಹಾಗೆ ಮೇಲೆದ್ದು ಮುಖಕ್ಕೆ ಮುಚ್ಚಿಕೊಂಡಿತು. ತೋಳು ಮೇಲೆತ್ತಿದರೆ ತೋಳಿಗೇ ಸುತ್ತಿಕೊಂಡಿತು. ಬಾಯಿಗೆ ನೀರು, ಕಣ್ಣಿಗೆ ಬಟ್ಟೆ. ಮುಳುಗಿಯೇ ಹೋದೆ ಅಂತ ಒದ್ದಾಡುತ್ತಿದ್ದರೆ ಪಕ್ಕದಲ್ಲಿ ಒಂದು ಹತ್ತು ವರ್ಷದ ಹುಡುಗಿ ಕೂಗುತ್ತಿದ್ದಳು: “ಆಂಟಿ, ಎದ್ದು ನಿಂತ್ಕೊಳ್ಳಿ! ಇಲ್ಲಿ ಆಳ ಇಲ್ಲ!” ಅಷ್ಟರಲ್ಲಿ ಲೈಫ್‌ಗಾರ್ಡ್ ಹಾರಿ ಎಳೆದು ನಿಲ್ಲಿಸಿದ. ನಿಂತೆ. ನೀರು ಎದೆ ಮಟ್ಟಕ್ಕೆ ಬರುತ್ತಿತ್ತು.

ಅದಾದರೂ ಪರವಾಗಿರಲಿಲ್ಲ. ಮೇಲೆ ಹತ್ತಿ ಬಂದೆನಲ್ಲ, ಅದು ಇವತ್ತಿಗೂ ನೆನಪಾದರೆ ಕಿವಿ ಬಿಸಿಯಾಗುತ್ತದೆ. ಒದ್ದೆ ಹತ್ತಿ ಚರ್ಮಕ್ಕೆ ಅಂಟಿಕೊಂಡು ಒಳಗಿನ ಪ್ರತಿ ಹೊಲಿಗೆಯೂ ಕಾಣುತ್ತಿತ್ತು. ಪಕ್ಕದಲ್ಲಿ ಸ್ವಿಮ್‌ಸೂಟ್ ಹಾಕಿ ನಿಂತಿದ್ದ ಗೆಳತಿಗಿಂತ ನನ್ನ ಮೈಯೇ ಹೆಚ್ಚು ಕಾಣುತ್ತಿತ್ತು. ಮೈ ಕಾಣಬಾರದು ಅಂತ ಹಾಕಿಕೊಂಡು ಹೋದ ಬಟ್ಟೆ ಅದು!

ಹತ್ತಿಯ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ತಾಳ್ಮೆ ಇರಲಿ. ಇದನ್ನು ನನಗೆ ಆಗ ಯಾರಾದರೂ ಹೇಳಿದ್ದರೆ ಈ ಉತ್ತರವೇ ಬರೆಯಬೇಕಾಗಿರಲಿಲ್ಲ. ಒದ್ದೆ ಬಟ್ಟೆ ಕೆಳಕ್ಕೆ ಎಳೆಯುತ್ತದೆ ಅಂತ ಎಲ್ಲರೂ ಹೇಳ್ತಾರೆ, ಅದು ಪೂರ್ತಿ ನಿಜ ಅಲ್ಲ. ಬಟ್ಟೆ ಕುಡಿದ ನೀರಿಗೆ ನೀರೊಳಗೆ ತೂಕ ಇರಲ್ಲ. ಕಷ್ಟ ಕೊಡೋದು ಸಡಿಲ. ಕೈ ಬೀಸಿದಾಗಲೆಲ್ಲ ತೋಳಿನೊಳಗಿರೋ ನೀರೂ ಜೊತೆಗೆ ಬರಬೇಕು, ಒಂದೊಂದು ಕೈಗೂ ಒಂದೊಂದು ಬಕೆಟ್ ಕಟ್ಟಿಕೊಂಡ ಹಾಗೆ. ಹೊಸಬರು ಎರಡು ನಿಮಿಷದಲ್ಲಿ ಸುಸ್ತಾಗಿ ಗಾಬರಿಯಾಗೋದು ಇದಕ್ಕೇ. ತೂಕ ಬರೋದು ಮೇಲೆ ಹತ್ತುವಾಗ, ಹತ್ತಿ ತನ್ನ ತೂಕಕ್ಕಿಂತ ಹೆಚ್ಚು ನೀರು ಹಿಡಿದುಕೊಂಡಿರುತ್ತದೆ, ಅಷ್ಟೂ ಹೆಗಲಿಗೆ ಬೀಳುತ್ತದೆ. ಇನ್ನು ಪಾರದರ್ಶಕ ಆಗೋದು ಯಾಕೆ? ಒಣಗಿದ ಬಟ್ಟೆಯ ಎಳೆಗಳ ಮಧ್ಯೆ ಗಾಳಿ ಇರುತ್ತದೆ, ಅದರಿಂದ ಬೆಳಕು ಚದುರುತ್ತದೆ, ಒಳಗಿನದು ಕಾಣಲ್ಲ. ಆ ಜಾಗಕ್ಕೆ ನೀರು ಬಂತೋ, ಬೆಳಕು ಸೀದಾ ಹಾದುಹೋಗುತ್ತದೆ. ತೆಳು ಬಣ್ಣ ಆದರಂತೂ ಕೇಳಲೇಬೇಡಿ, ನನ್ನದು ತಿಳಿ ಹಳದಿ. ಸಾಲದ್ದಕ್ಕೆ ಹತ್ತಿಯ ನೂಲಿನ ಚೂರು ಪೂಲಿನ ಫಿಲ್ಟರಿಗೆ ಹೋಗುತ್ತದೆ, ಬಟ್ಟೆಯಲ್ಲಿ ಉಳಿದ ಸೋಪಿನ ಪುಡಿ ಕ್ಲೋರಿನ್ನು ತಿನ್ನುತ್ತದೆ. ಪೂಲಿನವರು ಹತ್ತಿ ಬೇಡ ಅನ್ನೋದು ಇದಕ್ಕೆ.

ಆ ಲೈಫ್‌ಗಾರ್ಡ್ ಹೇಳಿದ್ದೂ ಅದನ್ನೇ. “ಹತ್ತಿ ಬಟ್ಟೇಲಿ ಇಳೀಬಾರ್ದು ಮೇಡಂ. ಈಜೋ ಬಟ್ಟೆ ಉದ್ದ ಇರ್ಲಿ ಗಿಡ್ಡ ಇರ್ಲಿ, ನಮಗೇನಿಲ್ಲ.” ಎರಡು ವಾಕ್ಯ. ಮನೆಗೆ ಬಂದು ನಾನು ಮೊದಲನೇ ವಾಕ್ಯ ಮಾತ್ರ ಹೇಳಿದೆ, ಅದಕ್ಕೊಂದು ಬಣ್ಣ ಹಚ್ಚಿ: “ನನ್ನ ಬಟ್ಟೆ ನೋಡಿ ಇಳೀಬೇಡ ಅಂದ್ರಮ್ಮ, ಎಲ್ಲರ ಎದುರಿಗೆ.” ಅಮ್ಮ ನನ್ನ ತಲೆ ಒರೆಸುತ್ತಾ “ಅದು ನಮ್ಮಂಥವರ ಜಾಗ ಅಲ್ಲ ಬಿಡು” ಅಂದರು. ದೊಡ್ಡಮ್ಮ ಅಂತೂ ಬಂದವರಿಗೆಲ್ಲ ಇದನ್ನು ಕಥೆ ಮಾಡಿ ಹೇಳಿದರು. ಗೆಳತಿಯರಿಗೆ ಬೇರೆ ಸುಳ್ಳು: “ಮನೇಲಿ ಬಿಡ್ತಿಲ್ಲ ಕಣೇ.” ಅವರು ಅಯ್ಯೋ ಪಾಪ ಅಂದರು. ಎರಡೂ ಕಡೆಯವರಿಗೆ ತಮಗೆ ಬೇಕಾದದ್ದೇ ಸಿಕ್ಕಿತು. ನಾಲ್ಕಡಿ ನೀರಲ್ಲಿ ನಾನು ಬೆದರಿದ್ದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಇನ್ನು ನಾನು ಮತ್ತೆ ಹೊರಟರೆ ಎರಡೂ ಸುಳ್ಳು ಬಯಲಾಗಬೇಕಿತ್ತು, ಹಾಗಾಗಿ ಹೊರಡಲಿಲ್ಲ.

ನೀರಿಗಿಳಿಯದ ಆ 11 ವರ್ಷ ಏನು ಮಾಡಿದೆ ಗೊತ್ತಾ? ಕಂಡಕಂಡಲ್ಲಿ ಈಜುಡುಗೆಯ ಬಗ್ಗೆ ಜಗಳ ಮಾಡಿದೆ. ಓದಿದ್ದೇ ಓದಿದ್ದು. 1922ರಲ್ಲಿ ವಾಷಿಂಗ್ಟನ್ನಿನಲ್ಲಿ ಹೆಂಗಸರ ಈಜುಡುಗೆ ಮೊಣಕಾಲಿನ ಮೇಲೆ ಆರು ಇಂಚಿಗಿಂತ ಎತ್ತರ ಇರಬಾರದು ಅಂತ ಕಟ್ಟಪ್ಪಣೆ, ಅಧಿಕಾರಿ ದಡದಲ್ಲಿ ಬಗ್ಗಿ ಟೇಪು ಹಿಡಿದು ಅಳೆಯುವ ಫೋಟೋ ಇದೆ, ಹುಡುಕಿ ನೋಡಿ. 2016ರ ಆಗಸ್ಟಿನಲ್ಲಿ ಫ್ರಾನ್ಸಿನ ಕಡಲತೀರದ ಮೂವತ್ತರ ಆಸುಪಾಸು ಊರುಗಳು ಬುರ್ಕಿನಿಯನ್ನು, ಅಂದರೆ ತಲೆಯಿಂದ ಕಾಲಿನವರೆಗೆ ಮುಚ್ಚುವ ಈಜುಡುಗೆಯನ್ನು, ನಿಷೇಧಿಸಿದವು. ನೀಸ್‌ನಲ್ಲಿ ಆಯುಧ ಹಿಡಿದ ಪೊಲೀಸರ ನಡುವೆ ಕೂತ ಹೆಂಗಸೊಬ್ಬಳು ಮೇಲಂಗಿ ತೆಗೆಯುತ್ತಿದ್ದ ಫೋಟೋ ಆಗ ಎಲ್ಲ ಕಡೆ ಓಡಾಡಿತು. ಅದನ್ನು ನೋಡಿ ನಾನು ರಾತ್ರಿ ಎರಡು ಗಂಟೆವರೆಗೆ ಯಾರ ಯಾರ ಜೊತೆಗೋ ವಾದ ಮಾಡಿದ್ದೀನಿ. ಆಗಸ್ಟ್ 26ಕ್ಕೆ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ವಿಲ್‌ನೆವ್-ಲುಬೆ ಅನ್ನೋ ಊರಿನ ನಿಷೇಧಕ್ಕೆ ತಡೆ ಕೊಟ್ಟಿತು, ನಾನು ಗೆದ್ದ ಹಾಗೆ ಕುಣಿದೆ. ಆದರೆ ಆಮೇಲೆ ಪೂಲಿನ ಮಾತು ಬಂದಾಗ ಅದೇ ನ್ಯಾಯಾಲಯ, 2022ರಲ್ಲಿ, ಗ್ರೆನೋಬ್ಲ್ ನಗರ ಕೊಟ್ಟಿದ್ದ ಬುರ್ಕಿನಿ ಅನುಮತಿಗೆ ಕೆಳಗಿನ ಕೋರ್ಟು ಹಾಕಿದ್ದ ತಡೆಯನ್ನು ಎತ್ತಿಹಿಡಿಯಿತು. ಅಲ್ಲಿನ ಎಷ್ಟೋ ಪೂಲುಗಳಲ್ಲಿ ಗಂಡಸರ ಸಡಿಲ ಚಡ್ಡಿಯನ್ನೂ ಶುಚಿತ್ವದ ಹೆಸರಲ್ಲಿ ಬಿಡಲ್ಲ ಅನ್ನೋದು ಬೇರೆ ಮಾತು.

ಇದರ ಉಲ್ಟಾನೂ ಇದೆ. 2021ರಲ್ಲಿ ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ಹುಡುಗಿಯರು ಬಿಕಿನಿ ಚಡ್ಡಿ ಬೇಡ ಅಂತ ಶಾರ್ಟ್ಸ್ ಹಾಕಿ ಆಡಿದ್ದಕ್ಕೆ 1500 ಯೂರೋ ದಂಡ. ಚಡ್ಡಿಯ ಪಕ್ಕದ ಅಗಲ 10 ಸೆಂಟಿಮೀಟರ್ ದಾಟಬಾರದು ಅಂತ ನಿಯಮವೇ ಇತ್ತು! ಗಲಾಟೆಯಾದ ಮೇಲೆ ಅದೇ ವರ್ಷ ಬದಲಾಯಿಸಿದರು. ಮರುವರ್ಷ ಇರಾನಿನಲ್ಲಿ ತಲೆವಸ್ತ್ರ ಸರಿಯಿಲ್ಲ ಅಂತ ಪೊಲೀಸರು ಹಿಡಿದ ಮಹ್ಸಾ ಅಮೀನಿ ಅನ್ನೋ 22ರ ಹುಡುಗಿ ಆಸ್ಪತ್ರೆಯಲ್ಲಿ ಹೆಣವಾದಳು. ತಲೆ ಮುಚ್ಚೋ ನಾನು ಆ ವಾರ ಕನ್ನಡಿ ಮುಂದೆ ಸ್ಕಾರ್ಫು ಹಿಡಿದು ಬಹಳ ಹೊತ್ತು ನಿಂತಿದ್ದೆ. ಅಷ್ಟೇ, ಅದರ ಬಗ್ಗೆ ಹೆಚ್ಚು ಬರೆಯೋಕೆ ನನ್ನಿಂದ ಆಗಲ್ಲ.

(ನನ್ನ ಧರ್ಮ ಯಾವುದು ಅಂತ ಊಹಿಸೋಕೆ ಹೋಗಬೇಡಿ. ಸಂಪ್ರದಾಯಸ್ಥ ಯಹೂದಿ ಹೆಂಗಸರು, ಕೆಲವು ಕ್ರೈಸ್ತ ಪಂಗಡದವರು ಕೂಡ ಉದ್ದನೆಯ ಈಜುಡುಗೆ ತೊಡ್ತಾರೆ. ಬಿಸಿಲು ಆಗಿಬರದೆ ಮೈಮುಚ್ಚುವವರೂ ಇದ್ದಾರೆ.)

ಮತ್ತೆ ಆ 11 ವರ್ಷಕ್ಕೇ ಬರ್ತೀನಿ. ಹೀಗೆ ಓದುತ್ತಾ ಓದುತ್ತಾ 2019ರಲ್ಲಿ ಒಂದು ದಿನ ಬುರ್ಕಿನಿ ಹೊಲಿದವಳ ಕಥೆ ಸಿಕ್ಕಿತು. ಸಿಡ್ನಿಯ ಅಹೀದಾ ಝನೆಟ್ಟಿ, ಲೆಬನಾನಿನಲ್ಲಿ ಹುಟ್ಟಿದವಳು. ಅಕ್ಕನ ಮಗಳೋ ತಂಗಿಯ ಮಗಳೋ, ಆ ಹುಡುಗಿ ತಲೆವಸ್ತ್ರ, ಪ್ಯಾಂಟು ಎಲ್ಲ ಹಾಕಿಕೊಂಡು ನೆಟ್‌ಬಾಲ್ ಆಡುತ್ತಾ ಕೆಂಪಗಾಗಿ ಬೆವರಿದ್ದು ನೋಡಿ ಮೊದಲು ಆಟಕ್ಕೆ, ಆಮೇಲೆ 2004ರ ಹೊತ್ತಿಗೆ ಈಜಿಗೆ ಬಟ್ಟೆ ಹೊಲಿದಳು. 2007ರಲ್ಲಿ ಮೆಕ್ಕಾ ಲಾಲಾ ಅನ್ನೋ ಯುವತಿ ಅದೇ ಥರದ ಕೆಂಪು ಹಳದಿ ಉಡುಗೆಯಲ್ಲಿ ಸಿಡ್ನಿಯ ಕ್ರೊನುಲ್ಲಾ ಕಡಲತೀರದ ಲೈಫ್‌ಸೇವರ್ ಆಗಿದ್ದಳು. 2007! ನಾನು ಟಾಪಿನೊಳಗೆ ಮುಖ ಹೂತು ಒದ್ದಾಡಿದ್ದು ಅದರ ಮರುವರ್ಷ. ಅವಳು ಮುಳುಗುವವರನ್ನು ಎತ್ತುತ್ತಿದ್ದಳು, ನಾನು ಎದ್ದು ನಿಲ್ಲೋಕೆ ಒಂದು ಮಗು ಕೂಗಬೇಕಾಯಿತು.

ಆ ಹೊಟ್ಟೆಕಿಚ್ಚಿನಲ್ಲೇ ಅಂಥದ್ದೊಂದು ಉಡುಗೆ ಕೊಂಡೆ, 35ನೇ ವಯಸ್ಸಿನಲ್ಲಿ. ಪಾರ್ಸೆಲ್ ಬಂತು, ಅಮ್ಮನ ಎದುರಿಗೇ ಬಿಚ್ಚಿದೆ. ಲೈಫ್‌ಗಾರ್ಡ್ ಹೇಳಿದ್ದ ಎರಡನೇ ವಾಕ್ಯವನ್ನೂ ಅವತ್ತೇ ಹೇಳಿದೆ. ಅಮ್ಮ ಬಟ್ಟೆಯನ್ನು ಎಳೆದೆಳೆದು ನೋಡಿ “ಇದು ಒಣಗೋಕೆ ಎಷ್ಟು ಹೊತ್ತು ಬೇಕು?” ಅಂತ ಮಾತ್ರ ಕೇಳಿದರು. 11 ವರ್ಷ ನಾನು ಹೆದರಿದ್ದು ಈ ಪ್ರಶ್ನೆಗಾ?

ಈಗ ನಿಮ್ಮ ಪ್ರಶ್ನೆ. ಯಾವುದು ಸರಿ ಅಂತ ಕೇಳಿದ್ದೀರಿ. ಕೋಪ ಮಾಡಿಕೊಳ್ಳಬೇಡಿ, ನಿಮ್ಮ ಪ್ರಶ್ನೆಯಲ್ಲಿ ಗೆಳತಿಯರಿದ್ದಾರೆ, ಮನೆಯವರಿದ್ದಾರೆ, ನೀವೇ ಇಲ್ಲ. ನಿಮಗೆ ಯಾವುದು ಬೇಕು ಅಂತ ಒಂದು ಕಡೆಯೂ ಬರೆದಿಲ್ಲ. ಅದನ್ನು ಬಿಟ್ಟು ನಾನು ಇಲ್ಲಿ ಕೂತು ಅದೋ ಇದೋ ಅಂತ ತಕ್ಕಡಿ ಹಿಡಿದರೆ ನಿಮ್ಮ ಪಂಚಾಯ್ತಿಗೆ ಇನ್ನೊಬ್ಬಳು ಸೇರಿದ ಹಾಗಾಯಿತು.

“ನನಗೇನು ಬೇಕು ಅಂತ ನನಗೇ ಗೊತ್ತಿಲ್ಲ” ಅಂತೀರಾ? ನನಗೂ ಗೊತ್ತಿರಲಿಲ್ಲ. ಇದು ನನ್ನ ಆಯ್ಕೆ ಅಂತ ಎದೆ ತಟ್ಟಿ ಹೇಳುವಾಗಲೂ ಒಳಗೊಂದು ಅನುಮಾನ ಇತ್ತು, ಹುಟ್ಟಿದಾಗಿನಿಂದ ಹೇಳಿಸಿಕೊಂಡು ಬೆಳೆದದ್ದನ್ನೇ ನನ್ನ ಇಷ್ಟ ಅಂದುಕೊಂಡಿದ್ದೀನಾ ಅಂತ. ನಾನು ಸೇರಿದ್ದು ಹೆಂಗಸರದೇ ಬ್ಯಾಚು. ಮೂರನೇ ತಿಂಗಳಲ್ಲಿ ಒಂದು ದಿನ ಯಾರಿಗೂ ಹೇಳದೆ, ಮೊಣಕಾಲವರೆಗಿನ, ತೋಳಿಲ್ಲದ ಸ್ವಿಮ್‌ಸೂಟ್ ಹಾಕಿ ಇಳಿದೆ. ಕಂಕುಳ ಕೆಳಗೆ ತಣ್ಣಗೆ ನೀರು ಸರಿದು ಹೋಗೋದು ಎಷ್ಟು ಹಿತವಾಗಿತ್ತು ಅಂದರೆ, ಸುಳ್ಳು ಯಾಕೆ ಹೇಳಲಿ, ನಗು ಬಂತು. ಇಪ್ಪತ್ತು ಲ್ಯಾಪ್ ಮಾಡಿದೆ. ಮಾರನೇ ದಿನ ಮತ್ತೆ ಉದ್ದದ್ದನ್ನೇ ಹಾಕಿದೆ. ನನಗೆ ಅದರಲ್ಲೇ ಸಲೀಸು ಅನ್ನಿಸಿತು. ಆದರೆ ಅವತ್ತಿನಿಂದ ಅದನ್ನು ಹಾಕಿಕೊಳ್ಳುವಾಗ ಮನಸ್ಸು ಹಗುರ. ಈಗ 14ರ ನನ್ನ ಮಗಳು ಪಕ್ಕದ ಲೇನಿನಲ್ಲಿ ಸಾಮಾನ್ಯ ಸ್ವಿಮ್‌ಸೂಟ್ ಹಾಕಿ ಈಜ್ತಾಳೆ, ನನಗಿಂತ ಜೋರಾಗಿ. ದೊಡ್ಡಮ್ಮ ಅದಕ್ಕೆ ಆಕ್ಷೇಪ ಎತ್ತಿದಾಗ ನಾನು ಮಗಳ ಪರ ನಿಂತೆ. ನನ್ನ ಉದ್ದ ತೋಳನ್ನು ಆಡಿಕೊಂಡವಳ ಜೊತೆ ಎಷ್ಟು ಜಗಳವಾಡಿದ್ದೆನೋ ಅಷ್ಟೇ ಜಗಳ ಅದಕ್ಕೂ ಆಡಿದೆ.

ನಗುವ ಗೆಳತಿಯರ ಬಗ್ಗೆ: ಮೈ ಬಿಟ್ಟವಳನ್ನು ನೋಡಿ ಮಾತಾಡುವ ದೊಡ್ಡಮ್ಮನಿಗೂ ಮುಚ್ಚಿದವಳನ್ನು ನೋಡಿ ನಗುವ ಇವರಿಗೂ ಏನು ವ್ಯತ್ಯಾಸ ಅಂತ ನನಗೆ ಇವತ್ತಿಗೂ ಹೊಳೆದಿಲ್ಲ. ಮನೆಯವರು ಮಾತು ಬಿಡೋದು ಅಂದರೆ ಮುಖ ಊದಿಸಿಕೊಳ್ಳೋದಷ್ಟೇ ಆದರೆ ನಾಲ್ಕು ವಾರ ಸಹಿಸಿ, ಇಳಿಯುತ್ತದೆ. ಹೊಡೆತ, ಮನೆಯಿಂದ ಹೊರಗೆ ಹಾಕೋದು, ಆ ಮಟ್ಟದ್ದಾದರೆ ನನ್ನ ಈ ಉತ್ತರ ನಿಮಗಲ್ಲ. ಆಗ ಮೊದಲು ನೋಡಬೇಕಾದ್ದು ನಿಮ್ಮ ಸುರಕ್ಷತೆ, ಈಜು ಆಮೇಲೆ.

ಯಾವುದೇ ಆಗಲಿ, ಈಜಿಗೆ ಅಂತಲೇ ಹೊಲಿದದ್ದನ್ನು ಕೊಳ್ಳಿ. ಪಾಲಿಯೆಸ್ಟರ್ ಹೆಚ್ಚಿದ್ದರೆ ಕ್ಲೋರಿನ್ನಿಗೆ ತಡೆಯುತ್ತದೆ, ಬಟ್ಟೆ ಹಿಗ್ಗೋಕೆ ಸೇರಿಸೋ ಎಲಾಸ್ಟೇನ್ ಎಳೆ ಬೇಗ ಸೊರಗುತ್ತದೆ. ಉಪಯೋಗಿಸಿದ ತಕ್ಷಣ ಬರೀ ನೀರಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಿ. ಸೇರುವ ಮೊದಲೇ ಪೂಲಿನವರಿಗೆ ಬಟ್ಟೆಯ ಫೋಟೋ ತೋರಿಸಿ ಕೇಳಿ, ಆಗ ಎಲ್ಲರ ಎದುರಿಗೆ ನಿಲ್ಲಬೇಕಾಗಲ್ಲ. ಉದ್ದದ್ದನ್ನೇ ಆರಿಸಿದರೆ ಗಾಢ ಬಣ್ಣದ್ದು ತಗೊಳ್ಳಿ, ಮೇಲಂಗಿಯನ್ನು ಪ್ಯಾಂಟಿಗೆ ಕಟ್ಟೋಕೆ ಒಳಗಡೆ ಒಂದು ದಾರ ಅಥವಾ ಕುಣಿಕೆ ಇದೆಯಾ ನೋಡಿ. ಅಂಗಿ ಮುಖಕ್ಕೆ ಏಳದ ಹಾಗೆ ಹಿಡಿಯೋದು ಅದೇ. ನನ್ನದರಲ್ಲಿ ಎರಡಿವೆ, ಎಡಕ್ಕೊಂದು ಬಲಕ್ಕೊಂದು, ಇಳಿಯೋ ಮೊದಲು ಎರಡನ್ನೂ ಒಂದು ಸಲ ಎಳೆದು ನೋಡ್ತೀನಿ. ತಲೆಗೆ ಮಾತ್ರ ಪಿನ್ನು ಬೇಡ, ಅದಕ್ಕೆ ಸೇರಿಸಿಯೇ ಹೊಲಿದ ಟೋಪಿ ಬರುತ್ತದೆ.