ತುರ್ಗು ಮುರೆಷ್‌ನಲ್ಲಿ ಏನಿದೆ ಅಂದರೆ

ತಂಗಿ, ಮೆಡಿಕಲ್ ಓದಲು ರೊಮೇನಿಯಾದ ತುರ್ಗು ಮುರೆಷ್‌ಗೆ ಬರುತ್ತಿದ್ದೀಯ. "ಅಷ್ಟು ಚಿಕ್ಕ ಊರಲ್ಲಿ ಕಾಲೇಜು, ಹಾಸ್ಟೆಲ್ ಬಿಟ್ಟು ಬೇರೆ ಏನಾದ್ರೂ ಇದೆಯಾ ಅಕ್ಕ?" ಅಂತ ಕೇಳಿದ್ದೀಯ. ಬೇಕಾದಷ್ಟಿದೆ. ಆದರೆ ಬಾಗಿಲು ತಳ್ಳಿಕೊಂಡು ಒಳಗೆ ಹೋಗಬೇಕು.

ಮೊದಲು ಗುಲಾಬಿ ಚೌಕಕ್ಕೆ ಬಾ. ಅಲ್ಲಿ ಬಣ್ಣದ ಹೆಂಚಿನ ದೊಡ್ಡ ಕಟ್ಟಡ ಕಾಣುತ್ತದೆ. ಅದೇ ಸಂಸ್ಕೃತಿ ಭವನ, 1911ರಿಂದ 1913ರ ನಡುವೆ ಕಟ್ಟಿದ್ದು. ಜಿಲ್ಲಾ ಗ್ರಂಥಾಲಯ, ಚಿತ್ರಕಲೆಯ ಮ್ಯೂಸಿಯಂ, ಫಿಲ್‌ಹಾರ್ಮೋನಿಕ್ ಎಂಬ ವಾದ್ಯವೃಂದದ ಸಂಗೀತ ಕಚೇರಿ ಎಲ್ಲಾ ಅದೇ ಕಟ್ಟಡದಲ್ಲಿ. ಒಳಗಿನ ಕನ್ನಡಿ ಹಾಲ್‌ಗೆ ಬಿಸಿಲಿರುವ ದಿನವೇ ಹೋಗು. ಕಿಟಕಿಯ ಬಣ್ಣದ ಗಾಜುಗಳಲ್ಲಿ ಇಲ್ಲಿನ ಹಂಗೇರಿಯನ್ನರ ಹಳೆಯ ಲಾವಣಿಗಳ ಚಿತ್ರಗಳಿವೆ. ಒಂದರಲ್ಲಿ ಕಾದಾರ್ ಕತಾ ಎಂಬ ಬಡ ಹುಡುಗಿಯ ಕಥೆ. ಸಾಹುಕಾರರ ಮಗ ಅವಳನ್ನು ಪ್ರೀತಿಸುತ್ತಾನೆ. ಅವನ ತಾಯಿ ಅವಳನ್ನು ಕೆರೆಗೆ ಹಾಕಿಸುತ್ತಾಳೆ. ಅವನೂ ಅದೇ ನೀರಿಗೆ ಹಾರುತ್ತಾನೆ. ಇಬ್ಬರ ಸಮಾಧಿಯಿಂದ ಹೂ ಹುಟ್ಟಿ ತಬ್ಬಿಕೊಂಡರೆ, ತಾಯಿ ಅದನ್ನೂ ಕಿತ್ತು ಹಾಕುತ್ತಾಳೆ. ನಮ್ಮ ಹಳ್ಳಿಯ ಹಾಡುಗಳನ್ನು ಕೇಳಿ ಬೆಳೆದವರಿಗೆ ಇದು ಪರದೇಶದ ಕಥೆ ಅನ್ನಿಸುವುದೇ ಇಲ್ಲ.

ತೆಲೆಕಿ ಗ್ರಂಥಾಲಯವನ್ನೂ ಬಿಡಬೇಡ. ಸಾಮುಯೆಲ್ ತೆಲೆಕಿ ಎಂಬ ಶ್ರೀಮಂತ ತಾನು ಕೂಡಿಟ್ಟ ಸುಮಾರು 40,000 ಪುಸ್ತಕಗಳನ್ನು 1802ರಲ್ಲೇ ಊರಿನವರಿಗೆ ತೆರೆದುಕೊಟ್ಟ. ಗಣಿತ ಇಷ್ಟವಿದ್ದರೆ, ಯಾನೋಶ್ ಬೊಯಾಯಿ ಎಂಬ ಗಣಿತಜ್ಞನ ಹೊಸ ಜ್ಯಾಮಿತಿ 1832ರಲ್ಲಿ ಅಚ್ಚಾದದ್ದೂ ಇದೇ ಊರಿನಲ್ಲಿ.

ಇಲ್ಲಿ ರೊಮೇನಿಯನ್, ಹಂಗೇರಿಯನ್ ಎರಡೂ ಭಾಷೆ ಓಡುತ್ತವೆ, ಬೋರ್ಡುಗಳೂ ಹಾಗೇ. 1990ರ ಮಾರ್ಚ್‌ನಲ್ಲಿ ಎರಡೂ ಕಡೆಯವರಿಗೆ ದೊಡ್ಡ ಗಲಾಟೆಯಾಗಿ ಜನ ಸತ್ತಿದ್ದಾರೆ. ಅದನ್ನು ಕಂಡವರು ಈಗಲೂ ಊರಲ್ಲಿದ್ದಾರೆ. ಯಾವ ಭಾಷೆ ದೊಡ್ಡದು ಎಂಬ ಮಾತಿಗೆ ಸುಮ್ನೆ ಕೂಡ ಕೈ ಹಾಕಬೇಡ. ಎರಡರಲ್ಲೂ ನಮಸ್ಕಾರ ಹೇಳಲು ಕಲಿ, ಅಂಗಡಿಯವರ ಮುಖ ಅರಳುತ್ತದೆ.

ನನಗೆ ತುಂಬಾ ಹೆಮ್ಮೆ ಅನ್ನಿಸುವುದು ಮಾತ್ರ ಕಟ್ಟಡವಲ್ಲ, ಸ್ಮುರ್ದ್. ರಸ್ತೆ ಅಪಘಾತ, ಹೃದಯಾಘಾತ ಅಂದರೆ ಡಾಕ್ಟರನ್ನೇ ಹೊತ್ತು ಬರುವ ತುರ್ತು ಸೇವೆ. ಇವತ್ತು ಇಡೀ ದೇಶದಲ್ಲಿದೆ, ಶುರುವಾದದ್ದು 1990ರಲ್ಲಿ, ಇಲ್ಲಿ. ಶುರು ಮಾಡಿದ ರಾಯೆದ್ ಅರಾಫತ್ ಡಮಾಸ್ಕಸ್‌ನಲ್ಲಿ ಹುಟ್ಟಿದ ಪ್ಯಾಲೆಸ್ತೀನಿ. ನಿನ್ನ ಹಾಗೆಯೇ ಮೆಡಿಕಲ್ ಓದಲು ಈ ದೇಶಕ್ಕೆ ಬಂದವರು. ಹೊರಗಿನವರು ಇಲ್ಲಿ ಏನು ತಾನೇ ಮಾಡಲು ಸಾಧ್ಯ ಅಂತ ಯಾರಾದರೂ ಅಂದರೆ ಅವರ ಹೆಸರು ಹೇಳು. ತುರ್ತಿಗೆ ಕರೆಯುವ 112 ನಂಬರನ್ನು ಫೋನಿನಲ್ಲಿ ಇಟ್ಟುಕೋ.

ಇನ್ನು ವಲಸೆ ಕಚೇರಿ. ವೀಸಾ ಮುಗಿಯಲು 30 ದಿನ ಇರುವಾಗಲೇ ವಾಸದ ಪರವಾನಗಿಗೆ ಅರ್ಜಿ ಹಾಕಿರಬೇಕು. ಉಳಿದುಕೊಳ್ಳುವ ಜಾಗದ ಕಾಗದವನ್ನೂ ಕೇಳುತ್ತಾರೆ. ಬಂದ ವಾರವೇ ಅದನ್ನು ಜೋಡಿಸಲು ಶುರು ಮಾಡು. ಕಚೇರಿಗೆ ಜೊತೆ ಬೇಕಿದ್ದರೆ ಹೇಳು, ನಾನೇ ಬರುತ್ತೇನೆ.