ಅಲಸಂದೆ ಕುಡಿಗೆ ಕರಿ ಹೇನು ಮುತ್ತಿದೆ, ಯಾವ ಔಷಧಿ ಹೊಡೆಯಲಿ?

ಔಷಧಿ ವಿಷಯ ಆಮೇಲೆ. ಮೊದಲು ಪಂಪು ಕೆಳಗಿಡಿ.

ನಾನೂ ಇದೇ ಪ್ರಶ್ನೆ ಹಿಡಿದು ಗೊಬ್ಬರದಂಗಡಿಗೆ ಓಡಿದವನು. ನಮ್ಮದು ಹೊಸನಗರದ ಕಡೆ. ಭತ್ತ ಕೊಯ್ದ ಗದ್ದೆಯಲ್ಲಿ, ಉಳಿದ ತೇವಕ್ಕೆ, 15 ಗುಂಟೆ ಅಲಸಂದೆ ಹಾಕಿದ್ದೆ. ಹೂ ಬಿಡುವ ಹೊತ್ತಿಗೆ ಅಂಚಿನ ಪಕ್ಕದ ನಾಲ್ಕು ಸಾಲಿನಲ್ಲಿ ಕುಡಿ ಕಾಣದಷ್ಟು ಹೇನು, ಅದೇ ಗಿಡದ ರಸ ಹೀರುವ ಪುಟ್ಟ ಹುಳ. ಮುಟ್ಟಿದರೆ ಬೆರಳೆಲ್ಲ ಅಂಟು. ಇರುವೆ ಸಾಲು ಬೇರೆ.

ಅದರ ನಡುವೆ ಇನ್ನೊಂದು ಹುಳ ಕಂಡಿತು. ಅಕ್ಕಿಕಾಳಿನಷ್ಟು ಉದ್ದ, ಬೂದುಗಪ್ಪು ಮೈ, ಬೆನ್ನ ಮೇಲೆ ಕಿತ್ತಳೆ ಚುಕ್ಕೆ, ಥೇಟ್ ಪುಟ್ಟ ಮೊಸಳೆ. ಹೇನಿಗಿಂತ ಅದನ್ನು ನೋಡಿಯೇ ನನಗೆ ಗಾಬರಿಯಾಯಿತು. ಎಲೆ ತಿನ್ನುವ ಹೊಸ ಹುಳ ಅಂದುಕೊಂಡೆ. "ಎಲ್ಲ ಹುಳಕ್ಕೂ ಆಗುವಂಥದ್ದು ಕೊಡಿ" ಅಂತ ಅಂಗಡಿಯಲ್ಲಿ ನಾನೇ ಕೇಳಿದೆ. ಪೈರೆಥ್ರಾಯ್ಡ್ ಅನ್ನುವ, ಸಿಕ್ಕ ಹುಳವನ್ನೆಲ್ಲ ಕೊಲ್ಲುವ ಗುಂಪಿನ ಔಷಧಿ ತಂದು ಇಡೀ ಗದ್ದೆಗೆ ಹೊಡೆದೆ.

ಅದು ಗುಲಗಂಜಿ ಹುಳದ ಮರಿ. ಕೆಂಪು ಬೆನ್ನಿನ ದೊಡ್ಡ ಹುಳ ಎಲ್ಲರಿಗೂ ಗೊತ್ತು, ಅಲ್ವಾ? ಅದರ ಮರಿ ಇಷ್ಟು ಬೇರೆ ಥರ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅದು ಹೇನು ತಿಂದೇ ಬೆಳೆಯುವುದು. ನನ್ನ ಗದ್ದೆಯ ಕೆಲಸ ಮಾಡುತ್ತಿದ್ದ ಆಳನ್ನು ನಾನೇ ಕೊಂದೆ. ಹೇನೂ ಸತ್ತವು, ನಿಜ. ಆದರೆ ಮುದುಡಿದ ಎಲೆಯೊಳಗೆ ಔಷಧಿ ತಾಗದೆ ಒಂದಷ್ಟು ಉಳಿದವು. ಹೇನಿಗೆ ಗಂಡು ಬೇಡ, ಮೊಟ್ಟೆಯೂ ಬೇಡ. ಹೆಣ್ಣು ನೇರ ಮರಿ ಹಾಕುತ್ತದೆ, ಆ ಮರಿ ಸುಮಾರು ಒಂದು ವಾರದಲ್ಲಿ ತಾನೇ ತಾಯಿ. ಗುಲಗಂಜಿ ಮೊಟ್ಟೆಯೊಡೆದು ಮರಿಯಾಗಿ, ಕೋಶ ಕಟ್ಟಿ ಹೊರಬರಲು ಸುಮಾರು ಮೂರು ವಾರ ಬೇಕು. ಹಾಗಾಗಿ ಮೊದಲು ತಿರುಗಿ ಬಂದದ್ದು ಹೇನು. ನಾಲ್ಕು ಸಾಲಿನಲ್ಲಿದ್ದದ್ದು ಹದಿನೈದೇ ದಿನದಲ್ಲಿ ಗದ್ದೆ ತುಂಬ. ಮತ್ತೆ ಹೊಡೆದೆ, ಮತ್ತೆ ಬಂತು. ಎರಡು ಚೀಲ ಆಗಬೇಕಿದ್ದ ಕಾಳು ಅರ್ಧ ಚೀಲಕ್ಕೆ ಇಳಿಯಿತು.

ಅದಕ್ಕೇ "ಯಾವ ಔಷಧಿ" ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎಷ್ಟು ಹೇನು, ಎಷ್ಟು ಗಿಡಕ್ಕೆ, ಏರುತ್ತಿದೆಯೋ ಇಳಿಯುತ್ತಿದೆಯೋ? ಅಮೆರಿಕದಲ್ಲಿ ಸೋಯಾಬೀನ್ ಬೆಳೆಗೆ ಗಿಡಕ್ಕೆ ಸರಾಸರಿ 250 ಹೇನು ದಾಟಿ, ನೂರರಲ್ಲಿ 80 ಗಿಡಕ್ಕೆ ಹರಡಿ, ಇನ್ನೂ ಏರುತ್ತಿದ್ದರೆ ಮಾತ್ರ ಹೊಡೆಯಿರಿ ಅನ್ನುತ್ತಾರೆ. ಅದು ಸೋಯಾ ಹೇನಿನ ಲೆಕ್ಕ, ಅಲಸಂದೆಗೆ ಹಾಗೇ ಹಿಡಿಯಬೇಡಿ. ಆದರೆ ಎಣಿಸದೆ ಹೊಡೆಯಬೇಡಿ.

ನಾನೀಗ ಹೇನು ಹತ್ತಿದ ಕುಡಿ ಚಿವುಟಿ ಸೋಪಿನ ನೀರಿನ ಬಕೆಟ್‌ಗೆ ಹಾಕುತ್ತೇನೆ. ಅದಕ್ಕೂ ಬಗ್ಗದಿದ್ದರೆ ಬೇವಿನ ಬೀಜದ ಕಷಾಯ. ಲೀಟರಿಗೆ 50 ಗ್ರಾಂ ಪುಡಿ, ರಾತ್ರಿ ನೆನೆಸಿ, ಸೋಸಿ, ಚೂರು ಸೋಪು ಬೆರೆಸಿ, ಸಂಜೆ ಎಲೆಯಡಿಗೆ, ಹತ್ತಿದ ಸಾಲಿಗೆ ಮಾತ್ರ. ಗಿಡ ಇನ್ನೂ ಎಳೆಯದಾಗಿದ್ದು ಕುಡಿಯೆಲ್ಲ ಕಪ್ಪಾಗಿದ್ದರೆ ಕಾಯಬೇಡಿ, ಅವತ್ತೇ ಹೊಡೆಯಿರಿ. ಎಲೆ ಹಳದಿ-ಹಸಿರು ಮಚ್ಚೆಯಾಗಿ ಸುರುಟಿದ ಗಿಡ ಕಿತ್ತುಬಿಡಿ. ಅದು ಹೇನು ಹರಡುವ ನಂಜುರೋಗ, ಅದಕ್ಕೆ ಮದ್ದಿಲ್ಲ.

ನಾಳೆ ಇಬ್ಬನಿ ಆರಿದ ಮೇಲೆ 20 ಗಿಡದ ಕುಡಿ ಮಗುಚಿ ನೋಡಿ. ಆ ಮೊಸಳೆಯಂಥ ಮರಿಗಳು ಎಷ್ಟಿವೆ ಅಂತ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.